ಚಿಕ್ಕಪ್ಪನ ನೋಟ್‌ಬುಕ್ಕಿನಲ್ಲಿ ಇಲ್ಲದ ಬೋರ್‌ವೆಲ್‌ಗಳು

(ಕೋಲಾರ ಜಿಲ್ಲೆಯ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮತ್ತು ಸುತ್ತಲ ಊರುಗಳ ರೈತರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನಲ್ಲಿ ಅವಸರದಿಂದ ಬಿಟ್ಟಿದ್ದ ಒಂದೆರಡು ಲೆಕ್ಕಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೃಷಿ ಮತ್ತು ಪರಿಸರದ ಅರ್ಥಶಾಸ್ತ್ರ ಓದಿದವರು ಏನು ಕೆಲಸ ಮಾಡುತ್ತಾರೆ ಅಂತ ಹೇಳೋದಕ್ಕೆ ನನ್ನನ್ನು ಕರೆದಿದ್ದೀರಿ. ನಾನು ಒಂದು ನೋಟ್‌ಬುಕ್ಕಿನಿಂದ ಶುರು ಮಾಡುತ್ತೇನೆ. ನಮ್ಮ ಚಿಕ್ಕಪ್ಪನದು. ರಟ್ಟಿನ ಹೊದಿಕೆಯ ಉದ್ದನೆ ನೋಟ್‌ಬುಕ್ಕು, ಅಂಗಡಿಯವರು ಸಾಲದ ಲೆಕ್ಕ ಬರೆಯೋದಕ್ಕೆ ಇಟ್ಟುಕೊಳ್ಳುತ್ತಾರಲ್ಲ, ಅಂಥದ್ದು. ಚಿಕ್ಕಪ್ಪ ಎರಡು ಎಕರೆಗೆ ಟೊಮೇಟೊ ಹಾಕುತ್ತಾರೆ. ಓದಿದ್ದು ಏಳನೇ ಕ್ಲಾಸು. ಆದರೆ ಲೆಕ್ಕ ಬಹಳ ಚೊಕ್ಕ. ಸಸಿ ಇಷ್ಟು, ಕೊಟ್ಟಿಗೆ ಗೊಬ್ಬರ ಇಷ್ಟು, ಔಷಧಿ ಇಷ್ಟು, ಮಲ್ಚಿಂಗ್ ಪೇಪರ್, ಗಿಡಕ್ಕೆ ಆಸರೆ ಕೊಡುವ ಕಡ್ಡಿ, ದಾರ, ಕೂಲಿ, ಟೆಂಪೋ ಬಾಡಿಗೆ, ಮಂಡಿ ಕಮಿಷನ್. ಕೂಲಿಯವರಿಗೆ ತಂದ ಬನ್ನು, ಟೀ ಖರ್ಚು ಕೂಡ ತಾರೀಖಿನ ಸಮೇತ ಇದೆ.

ಒಂದು ದಿನ ಪುಟ ತಿರುಗಿಸುತ್ತಾ ಕೇಳಿದೆ: "ಚಿಕ್ಕಪ್ಪ, ನೀರಿನ ಖರ್ಚು ಎಲ್ಲಿ?"

"ನೀರಿಗೆ ಏನು ಖರ್ಚು? ಬೋರು ನಮ್ಮದು, ಕರೆಂಟು ಫ್ರೀ" ಅಂದರು.

"ಆ ಬೋರು ಕೊರೆಸಿದ್ದು?"

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, "ಅದು ಬೆಳೆ ಖರ್ಚಲ್ಲ ಕಣಪ್ಪ. ಅದು ಹಣೆಬರಹ."

ನಾನು ಇಷ್ಟು ವರ್ಷ ಮಾಡಿಕೊಂಡು ಬಂದ ಕೆಲಸ ಏನು ಅಂತ ಯಾರಾದರೂ ಕೇಳಿದರೆ, ಈ ಮಾತೇ ನೆನಪಿಗೆ ಬರುತ್ತದೆ. ಹಣೆಬರಹ ಅಂತ ಬಿಟ್ಟುಬಿಟ್ಟಿದ್ದನ್ನು ಖರ್ಚಿನ ಪಟ್ಟಿಗೆ ತರೋದು. ಯಾರು ಕೊಟ್ಟರು, ಎಷ್ಟು ಕೊಟ್ಟರು, ಯಾಕೆ ಕೊಡಬೇಕಾಯಿತು ಅಂತ ಹುಡುಕೋದು.

ಅವತ್ತು ಜಗಲಿ ಮೇಲೆ ಕೂತು ಇಬ್ಬರೂ ಲೆಕ್ಕ ಹಾಕಿದೆವು. ಚಿಕ್ಕಪ್ಪ ಅಲ್ಲಿವರೆಗೆ ಕೊರೆಸಿದ್ದು ನಾಲ್ಕು ಬೋರು. ಮೊದಲನೆಯದರಲ್ಲಿ ಬರೀ ಧೂಳು. ಎರಡನೆಯದಕ್ಕೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವರನ್ನು ಕರೆಸಿದ್ದರು. ಕಾಯಿ ಎದ್ದು ನಿಂತಿತು, ನೀರು ಬರಲಿಲ್ಲ. ಮೂರನೆಯದರಲ್ಲಿ ಎರಡಿಂಚು ನೀರು ಬಂತು, ಮೂರು ವರ್ಷ ಓಡಿ ನಿಂತುಹೋಯಿತು. ನಾಲ್ಕನೆಯದು 1,200 ಅಡಿಯದು, ಅದು ಓಡುತ್ತಿತ್ತು. ಒಂದೊಂದಕ್ಕೆ ಕೊರೆಯುವ ಖರ್ಚು, ಕೇಸಿಂಗ್ ಪೈಪು ಸೇರಿ ಸರಾಸರಿ ಎರಡೂವರೆ ಲಕ್ಷ. ನಾಲ್ಕಕ್ಕೆ ಹತ್ತು ಲಕ್ಷ. ಮೋಟಾರು, ಕೇಬಲ್ಲು, ಪೈಪಿಗೆ ಇನ್ನೆರಡು ಲಕ್ಷ. ಒಟ್ಟು ಹನ್ನೆರಡು.

ಈಗ ಓಡುತ್ತಿರುವುದು ಆರು ವರ್ಷ ಬಾಳುತ್ತದೆ ಅಂತ ಧೈರ್ಯವಾಗಿ ಇಟ್ಟುಕೊಂಡೆವು. ಮೂರು, ಆರು ಒಂಬತ್ತು. ಹನ್ನೆರಡು ಲಕ್ಷ ಕೊಟ್ಟು ಕೊಂಡಿದ್ದು ಒಂಬತ್ತು ವರ್ಷದ ನೀರು. ವರ್ಷಕ್ಕೆ 1,33,000 ರೂಪಾಯಿ. ಎಕರೆಗೆ 66,000 ದಾಟಿತು. ಬಡ್ಡಿ ಸೇರಿಸಿಲ್ಲ. ಚಿಕ್ಕಪ್ಪ ಎರಡು ಬೋರಿಗೆ ಕೈಸಾಲ ತಂದಿದ್ದರು, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಅದನ್ನು ಸೇರಿಸೋಣ ಅಂತ ನಾನು ಪೆನ್ನು ಎತ್ತಿದಾಗ "ಸಾಕು ಬಿಡು" ಅಂದರು.

"ನೀರಿಗೆ ಏನು ಖರ್ಚು" ಅಂದಿದ್ದರಲ್ಲ, ಆ ನೋಟ್‌ಬುಕ್ಕಿನಲ್ಲಿ ಗೊಬ್ಬರಕ್ಕಿಂತ, ಔಷಧಿಗಿಂತ ದುಬಾರಿ ವಸ್ತು ನೀರೇ ಆಗಿತ್ತು.

ಇದು ನಾನು ಕಂಡುಹಿಡಿದ ವಿಷಯ ಅಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಎಂ.ಜಿ. ಚಂದ್ರಕಾಂತ್, ಎನ್. ನಾಗರಾಜ್ ಮತ್ತು ಅವರ ವಿದ್ಯಾರ್ಥಿಗಳು 1990ರ ದಶಕದಲ್ಲೇ ಈ ದಾರಿಯಲ್ಲಿ ಕೆಲಸ ಮಾಡಿದರು. ಕರ್ನಾಟಕದ ಗಟ್ಟಿ ಬಂಡೆ ಸೀಮೆಗಳಲ್ಲಿ ಫೇಲ್ ಆದ ಬಾವಿಗಳ ಖರ್ಚನ್ನೂ ಓಡುವ ಬಾವಿಯ ನೀರಿನ ಬೆಲೆಗೆ ಸೇರಿಸಿ ನೋಡಬೇಕು ಅಂತ ಹೇಳಿದರು. ಕೇಳಿದರೆ ಎಷ್ಟು ಸರಳ ಅನ್ನಿಸುತ್ತದೆ, ಅಲ್ವಾ? ಆದರೆ ಆ ಒಂದು ಸಾಲು ಸೇರಿಸಿದರೆ ಸಣ್ಣ ರೈತನ ಲಾಭ ನಷ್ಟದ ಚಿತ್ರವೇ ಬದಲಾಗುತ್ತದೆ. ದೊಡ್ಡ ಜಮೀನಿನವರು ಎರಡು ಬೋರು ಫೇಲ್ ಆದರೂ ಮೂರನೆಯದಕ್ಕೆ ಕೈ ಹಾಕಬಲ್ಲರು. ಎರಡೆಕರೆಯವನು ಎರಡನೆಯದಕ್ಕೇ ಕೂತುಬಿಡುತ್ತಾನೆ. ನೀರು ಕೆಳಗಿಳಿದ ಹಾಗೆಲ್ಲ ಅದು ದುಡ್ಡಿದ್ದವರ ಕಡೆಗೇ ಹರಿಯುತ್ತದೆ.

ನೋಟ್‌ಬುಕ್ಕಿನಲ್ಲಿ ಇಲ್ಲದ ಖರ್ಚಿನ ಎರಡನೇ ಸಾಲಿಗೆ ಬರೋಣ. ಅದು ಪಕ್ಕದ ಹೊಲದವರ ತಲೆಗೆ ಬೀಳುವ ಖರ್ಚು.

ಊರಲ್ಲಿ ರಾತ್ರಿ ಹೊತ್ತು ರಿಗ್ ಲಾರಿ ಬಂದು ನಿಂತರೆ ಏನಾಗುತ್ತದೆ, ನಿಮಗೆಲ್ಲ ಗೊತ್ತು. ಆ ಸದ್ದಿಗೆ ಕೊರೆಸುವವರ ಮನೆಯವರಷ್ಟೇ ಅಲ್ಲ, ಅಕ್ಕಪಕ್ಕದ ಹೊಲದವರೂ ನಿದ್ದೆ ಮಾಡುವುದಿಲ್ಲ. ಅವರ ಬೋರಿಗೆ ನೀರು ಬಿದ್ದರೆ ನಮ್ಮದಕ್ಕೆ ಏನು ಗತಿ ಅಂತ. ನಮ್ಮ ಕಡೆ ನೆಲದಡಿ ಇರೋದು ಗ್ರಾನೈಟು, ಅದರ ಜಾತಿಯ ಗಟ್ಟಿ ಕಲ್ಲು. ಮರಳಿನಲ್ಲಿ ತುಂಬಿಕೊಂಡ ಹಾಗೆ ನೀರು ತುಂಬಿಕೊಂಡಿರುವುದಿಲ್ಲ. ಕಲ್ಲಿನ ಬಿರುಕುಗಳಲ್ಲಿ ಇರುತ್ತದೆ. ಆ ಬಿರುಕುಗಳು ಪಹಣಿ ನೋಡಿಕೊಂಡು ಹೋಗುವುದಿಲ್ಲ. ನನ್ನ ಬೋರೂ ನಿಮ್ಮ ಬೋರೂ ಒಂದೇ ಬಿರುಕಿಗೆ ಬಾಯಿಟ್ಟಿದ್ದರೆ, ನಾನು ಜಾಸ್ತಿ ಎಳೆದಷ್ಟೂ ನಿಮಗೆ ಕಡಿಮೆ. ಆಗ ನೀವು ಇನ್ನೂ ನೂರು ಅಡಿ ಇಳಿಸುತ್ತೀರಿ. ಆಮೇಲೆ ನಾನು.

ಒಬ್ಬರು ಮಾಡಿದ ಕೆಲಸದ ಖರ್ಚು ವ್ಯವಹಾರದಲ್ಲಿ ಇಲ್ಲದ ಇನ್ನೊಬ್ಬರ ತಲೆಗೆ ಬೀಳುವುದನ್ನು ಇಂಗ್ಲೆಂಡಿನ ಪಿಗೂ ಎಂಬ ಅರ್ಥಶಾಸ್ತ್ರಜ್ಞರು 1920ರಲ್ಲೇ ವಿವರವಾಗಿ ಬರೆದರು. ಕಾರ್ಖಾನೆ ಹೊಗೆಯ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ. ಹೊಗೆಯಲ್ಲಾದರೆ ಬಿಡುವವನು ಒಬ್ಬ, ಉಸಿರಾಡುವವನು ಇನ್ನೊಬ್ಬ. ನಮ್ಮ ಬೋರುಗಳ ವಿಷಯ ಹಾಗಲ್ಲ. ಇಲ್ಲಿ ಎಲ್ಲರೂ ಕೊಡುವವರೇ, ಎಲ್ಲರೂ ಅನುಭವಿಸುವವರೇ. ಅದಕ್ಕೇ ಯಾರ ಮೇಲೂ ಬೊಟ್ಟು ಮಾಡೋಕೆ ಆಗುವುದಿಲ್ಲ. ಅದಕ್ಕೇ ಯಾರೂ ಬೊಟ್ಟು ಮಾಡುವುದೂ ಇಲ್ಲ.

ಈಗ ಒಂದು ಲೆಕ್ಕ ಹೇಳುತ್ತೇನೆ. ವಿದ್ಯಾರ್ಥಿಗಳು ದಯವಿಟ್ಟು ಬರೆದುಕೊಳ್ಳಿ, ಮನೆಗೆ ಹೋಗಿ ಅಪ್ಪ ಅಮ್ಮನ ಜೊತೆ ಕೂತು ಇನ್ನೊಮ್ಮೆ ಮಾಡಿ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 700 ಮಿಲಿಮೀಟರ್ ಮಳೆ ಅಂತ ಇಟ್ಟುಕೊಳ್ಳಿ. ಒಂದು ಎಕರೆ ಅಂದರೆ 4,047 ಚದರ ಮೀಟರ್. ಗುಣಿಸಿದರೆ ಒಂದು ಎಕರೆ ಮೇಲೆ ವರ್ಷವಿಡೀ ಬೀಳುವ ಮಳೆ ಸುಮಾರು 28 ಲಕ್ಷ ಲೀಟರ್. ದೊಡ್ಡ ಸಂಖ್ಯೆಯೇ. ಆದರೆ ಅದರಲ್ಲಿ ಬಹುಪಾಲು ಆವಿಯಾಗುತ್ತದೆ, ಗಿಡ ಮರ ಕುಡಿಯುತ್ತವೆ, ಒಂದಿಷ್ಟು ಹರಿದು ಹೋಗುತ್ತದೆ. ಗಟ್ಟಿ ಕಲ್ಲಿನ ಈ ನೆಲದಲ್ಲಿ ಹತ್ತರಲ್ಲಿ ಒಂದು ಪಾಲು ಕೆಳಗೆ ಇಳಿಯಿತು ಅಂತ ಲೆಕ್ಕಕ್ಕೆ ಹಿಡಿದರೆ, 2 ಲಕ್ಷ 80 ಸಾವಿರ ಲೀಟರ್. ಒಂದು ಎಕರೆ ನೆಲ ವರ್ಷಕ್ಕೆ ಒಳಗೆ ಜಮಾ ಮಾಡುವುದು ಅಷ್ಟೇ.

ಇನ್ನು ಖರ್ಚು. ಒಂದು ಟೊಮೇಟೊ ಬೆಳೆಗೆ ನಾಟಿಯಿಂದ ಕಡೆ ಕೊಯ್ಲಿನವರೆಗೆ 400ರಿಂದ 600 ಮಿಲಿಮೀಟರ್ ನೀರು ಬೇಕು. ನಡುವಿನ 500 ಹಿಡಿಯಿರಿ. ಬೇಸಿಗೆ ಬೆಳೆ, ಮಳೆ ಇಲ್ಲ, ಎಲ್ಲವೂ ಬೋರಿನಿಂದಲೇ ಬರಬೇಕು. ಒಂದು ಎಕರೆಗೆ 20 ಲಕ್ಷ ಲೀಟರ್. ಜಮಾ 2 ಲಕ್ಷ 80 ಸಾವಿರ, ಖರ್ಚು 20 ಲಕ್ಷ. ಒಂದು ಎಕರೆ ಬೇಸಿಗೆ ಟೊಮೇಟೊ ಏಳು ಎಕರೆಯ ವರ್ಷದ ಜಮಾ ತಿನ್ನುತ್ತದೆ. ಉಳಿದ ಆರು ಎಕರೆ ಯಾರದು? ಅವರೂ ಟೊಮೇಟೊ ಹಾಕಿದ್ದರೆ?

ಇಲ್ಲಿ ಕೂತಿರುವ ಅಣ್ಣಂದಿರು, ಅಕ್ಕಂದಿರು ಬೇಜಾರು ಮಾಡಿಕೊಳ್ಳಬೇಡಿ. ರೈತರೇ ನೀರು ಹಾಳು ಮಾಡಿದರು ಅಂತ ನಾನು ಹೇಳುತ್ತಿಲ್ಲ. ಆ ಮಾತನ್ನು ಬೆಂಗಳೂರಿನ ಸಭೆಗಳಲ್ಲಿ ಕೇಳಿದಾಗ ನನಗೆ ಸಿಟ್ಟು ಬರುತ್ತದೆ. 2008ರಿಂದ ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಉಚಿತ, ಆದರೆ ಮೋಟಾರು ಓಡೋಕೆ ಬೇಕಾದ ತ್ರೀ ಫೇಸ್ ಕರೆಂಟು ಬರೋದು ಕೆಲವೇ ಗಂಟೆ. ಅದೂ ಎಷ್ಟೋ ಸಲ ರಾತ್ರಿ ಹೊತ್ತು. ಹಾವು ಚೇಳಿನ ಮಧ್ಯೆ ಯಾರು ಹೋಗಿ ಸ್ವಿಚ್ ಹಾಕುತ್ತಾರೆ? ಅದಕ್ಕೆ ಎಲ್ಲರೂ ಆಟೋ ಸ್ಟಾರ್ಟರ್ ಹಾಕಿಸಿದರು. ಕರೆಂಟು ಬಂದ ತಕ್ಷಣ ಮೋಟಾರು ತಾನೇ ಶುರುವಾಗುತ್ತದೆ, ಹೋಗುವವರೆಗೆ ಓಡುತ್ತದೆ. ಗಿಡಕ್ಕೆ ಬೇಕೋ ಬೇಡವೋ ಕೇಳುವವರಿಲ್ಲ. ನಾಳೆ ಕರೆಂಟು ಎಷ್ಟು ಹೊತ್ತು ಬರುತ್ತದೋ ಗೊತ್ತಿಲ್ಲದವನು ಇವತ್ತೇ ಎಳೆದು ಇಟ್ಟುಕೊಳ್ಳುತ್ತಾನೆ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಬೆಲೆಯ ಮಾತೂ ಇದೆ. 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್ಟಿನಲ್ಲಿ 15 ಕೆ.ಜಿ. ಟೊಮೇಟೊ ಬಾಕ್ಸು 2,000 ರೂಪಾಯಿ ದಾಟಿತು. ಅದೇ ಮಾರ್ಕೆಟ್ಟಿನ ದಾರಿಯಲ್ಲಿ ಬಾಕ್ಸಿನ ಬಾಡಿಗೆಯೂ ಹುಟ್ಟದೆ ಹಣ್ಣು ಸುರಿದು ಹೋದ ವರ್ಷಗಳನ್ನೂ ನಾವು ನೋಡಿದ್ದೇವೆ. ಹೀಗೆ ಏರಿ ಇಳಿಯುವ ಬೆಲೆಯಲ್ಲಿ ಸಾಲ ತೀರಿಸಬೇಕಾದವನು ಒಂದು ಒಳ್ಳೆ ಸೀಸನ್ನಿಗೆ ಕಾಯುತ್ತಾನೆ. ಆ ಸೀಸನ್ ಬಂದಾಗ ಹೊಲದಲ್ಲಿ ಬೆಳೆ ಇರಬೇಕು. ಬೆಳೆ ಇರಬೇಕಾದರೆ ಬೋರು ಓಡಬೇಕು. ಬೋರಿನ ಆಳವನ್ನು ತೀರ್ಮಾನ ಮಾಡುವುದರಲ್ಲಿ ಮಳೆಗಿಂತ ಮಂಡಿಯ ಪಾಲು ಕಡಿಮೆ ಏನಿಲ್ಲ.

ಹಾಗಾದರೆ ದಾರಿ ಏನು? ಮೊದಲು ಒಂದು ಎಚ್ಚರಿಕೆಯ ಕಥೆ, ಪಂಜಾಬಿನದು. ಅಲ್ಲಿ ಬೇಸಿಗೆಯ ಬಿಸಿಲಲ್ಲೇ ಭತ್ತ ನಾಟಿ ಮಾಡಿ ಅಂತರ್ಜಲ ಇಳಿಯುತ್ತಿತ್ತು. 2009ರಲ್ಲಿ ಕಾನೂನು ತಂದರು. ಜೂನ್ 10ಕ್ಕಿಂತ ಮುಂಚೆ ಭತ್ತ ನಾಟಿ ಮಾಡುವ ಹಾಗಿಲ್ಲ ಅಂತ. ನೀರಿನ ದೃಷ್ಟಿಯಿಂದ ಒಳ್ಳೆ ಯೋಚನೆ. ಆದರೆ ನಾಟಿ ತಡವಾದರೆ ಕೊಯ್ಲೂ ತಡ. ಕೊಯ್ಲಿಗೂ ಗೋಧಿ ಬಿತ್ತನೆಗೂ ನಡುವೆ ಸಿಗುವ ದಿನಗಳು ಕಡಿಮೆಯಾದವು. ಕೂಳೆ ತೆಗೆಯೋಕೆ ಸಮಯ ಇಲ್ಲ, ಬೆಂಕಿ ಇಟ್ಟರು. ಅಕ್ಟೋಬರ್ ಕೊನೆಗೆ, ನವೆಂಬರಿನಲ್ಲಿ ಗಾಳಿ ನಿಧಾನವಾಗಿರುತ್ತದೆ, ಹೊಗೆ ಮೇಲೇಳುವುದಿಲ್ಲ. ದೆಹಲಿಯ ಮಕ್ಕಳ ಎದೆಗೆ ಇಳಿಯಿತು. ಹೊಗೆಗೆ ಇದೊಂದೇ ಕಾರಣ ಅಲ್ಲ, ಆದರೆ ಇದೂ ಒಂದು. ನೀರಿನ ಲೆಕ್ಕ ಹಾಕಿದವರು ಗಾಳಿಯ ಲೆಕ್ಕ ಹಾಕಿರಲಿಲ್ಲ. ನಮ್ಮ ವಿಷಯ ಓದುವವರಿಗೆ ಇದಕ್ಕಿಂತ ದೊಡ್ಡ ಪಾಠ ಇಲ್ಲ ಅಂತ ನನ್ನ ಭಾವನೆ.

ಅದೇ ಪಂಜಾಬಿನಲ್ಲಿ 2018ರಲ್ಲಿ ಬೇರೆ ಥರ ಪ್ರಯತ್ನ ಶುರುವಾಯಿತು. ಉಚಿತ ಕರೆಂಟನ್ನು ಕಿತ್ತುಕೊಳ್ಳಲಿಲ್ಲ. ನಿನ್ನ ಪಾಲಿನ ಕರೆಂಟು ಇಷ್ಟು, ಅದರಲ್ಲಿ ಉಳಿಸಿದ್ದಕ್ಕೆ ಯೂನಿಟ್ಟಿಗೆ ಇಷ್ಟು ಅಂತ ದುಡ್ಡು ಕೊಡುತ್ತೇವೆ ಅಂದರು. ಇಷ್ಟಪಟ್ಟವರು ಮಾತ್ರ ಸೇರಬಹುದು. ಈ ದಾರಿ ನನಗೆ ಹಿಡಿಸುತ್ತದೆ. ನೀರು ಉಳಿಸಿದವನಿಗೆ ಬರೀ ಪುಣ್ಯ ಸಿಕ್ಕರೆ ಸಾಲದು, ಕಾಸೂ ಸಿಗಬೇಕು.

ಹನಿ ನೀರಾವರಿ ಇದೆಯಲ್ಲ ಅಂತ ನೀವು ಕೇಳಬಹುದು. ಒಳ್ಳೆಯದೇ. ಆದರೆ ಡ್ರಿಪ್ ಹಾಕಿಸಿದ ಮೇಲೆ ಒಂದು ಎಕರೆಗೆ ಹೋಗುತ್ತಿದ್ದ ನೀರಲ್ಲಿ ಎರಡು ಎಕರೆ ಮಾಡಿದರೆ ನೆಲದಡಿಯ ನೀರಿಗೆ ಏನೂ ಉಳಿಯಲಿಲ್ಲ. ರೈತನಿಗೆ ಲಾಭ ಆಯಿತು, ಬಿರುಕಿಗೆ ಆಗಲಿಲ್ಲ.

ಬೆಳೆಯ ಬೆಲೆ ಇದಕ್ಕಿಂತ ಗಟ್ಟಿಯಾದ ಹಿಡಿ ಅಂತ ನನಗೆ ಅನ್ನಿಸುತ್ತದೆ. ರಾಗಿ ನೋಡಿ. ಮಳೆಯಲ್ಲೇ ಆಗುವ ಬೆಳೆ, ಬೋರನ್ನು ಕೇಳುವುದಿಲ್ಲ. 2017-18ರಲ್ಲಿ ರಾಗಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 1,900 ರೂಪಾಯಿ. 2024-25ಕ್ಕೆ 4,290. ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಲ್ಲುವುದನ್ನು ನೀವೇ ನೋಡಿದ್ದೀರಿ. ಸರ್ಕಾರದ ಕಡತದಲ್ಲಿ ಅದು ಆಹಾರ ಇಲಾಖೆಯ ಖರ್ಚು. ನನ್ನ ಲೆಕ್ಕದಲ್ಲಿ ಅದು ನೀರು ಉಳಿಸಲು ಕೊಟ್ಟ ದುಡ್ಡು ಕೂಡ ಹೌದು. ಅವರೆ, ಹುರುಳಿ, ತೊಗರಿಗೂ ಹಾಗೇ ಸಮಯಕ್ಕೆ ಸರಿಯಾಗಿ ಖರೀದಿ ಆಗಲಿ. ಎಷ್ಟು ಬೋರು ಕೊರೆಯದೆ ಉಳಿಯುತ್ತವೆ ಅಂತ ಆಗ ನೋಡೋಣ.

ಮೂರನೇ ಸಾಲು ಕುಡಿಯುವ ನೀರಿನದು. ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ನಿಮ್ಮ ಊರುಗಳಲ್ಲೇ ಇದೆ. ಆಳಕ್ಕೆ ಹೋದ ಹಾಗೆ ಕಲ್ಲಿನಲ್ಲಿರುವ ಫ್ಲೋರೈಡು ನೀರಿಗೆ ಸೇರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ಹಲ್ಲು ಕಂದುಬಣ್ಣಕ್ಕೆ ತಿರುಗಿದ ಮಕ್ಕಳು, ಕೀಲು ಹಿಡಿದು ಏಳಲಾರದ ಅಜ್ಜಿಯಂದಿರು. ಈಗ ಊರಿನ ಶುದ್ಧ ನೀರಿನ ಘಟಕಕ್ಕೆ ಹೋಗಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಂಡು ಬರುತ್ತೇವೆ. ಆ ಕಾಯಿನ್ನೂ ಬೋರಿನ ಖರ್ಚೇ. ಯಾರ ನೋಟ್‌ಬುಕ್ಕಿನಲ್ಲೂ ಇಲ್ಲ.

ಇದೆಲ್ಲ ಹೇಳಿದ ಮೇಲೆ ಎಲಿನಾರ್ ಓಸ್ಟ್ರಾಮ್ ಅವರ ಬಗ್ಗೆ ಹೇಳದೆ ಹೋದರೆ ತಪ್ಪಾಗುತ್ತದೆ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು, ಆ ಬಹುಮಾನ ಪಡೆದ ಮೊದಲ ಹೆಣ್ಣುಮಗಳು. ಅವರು ಡಾಕ್ಟರೇಟಿಗೆ ತೆಗೆದುಕೊಂಡಿದ್ದು ಅಂತರ್ಜಲವನ್ನೇ. ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್ ಹತ್ತಿರ ಬಾವಿಗಳವರು ಪೈಪೋಟಿಯಿಂದ ನೀರೆತ್ತಿ, ಸಮುದ್ರದ ಉಪ್ಪುನೀರು ಒಳಗೆ ನುಗ್ಗುತ್ತಿತ್ತು. ಅವರೆಲ್ಲ ಸೇರಿ ಹೇಗೆ ಒಪ್ಪಂದಕ್ಕೆ ಬಂದರು ಅಂತ ಆಕೆ ನೋಡಿದರು. ಎಲ್ಲರಿಗೂ ಸೇರಿದ್ದು ಹಾಳಾಗಿಯೇ ತೀರುತ್ತದೆ ಅಂತ ಆಗ ದೊಡ್ಡವರೆಲ್ಲ ಹೇಳುತ್ತಿದ್ದರು. ಹಾಗೇನಿಲ್ಲ, ಜನ ಕೂತು ಮಾತಾಡಿ, ತಮ್ಮದೇ ಕಟ್ಟು ಮಾಡಿಕೊಂಡು, ತಮ್ಮಲ್ಲೇ ಕಾವಲು ಇಟ್ಟುಕೊಂಡು ಕಾಪಾಡಿಕೊಂಡ ಜಾಗಗಳು ಬೇಕಾದಷ್ಟಿವೆ ಅಂತ ಆಕೆ ಜಗತ್ತಿನ ಉದ್ದಗಲಕ್ಕೂ ತೋರಿಸಿದರು.

ನನಗೆ ಅವರ ಬರಹ ಓದಿದಾಗ ನೆನಪಾಗಿದ್ದು ನಮ್ಮ ನೀರುಗಂಟಿ. ಇಲ್ಲಿನ ಹಿರಿಯರು ನೋಡಿರುತ್ತೀರಿ. ಕೆರೆ ತೂಬು ಎತ್ತುವವನು ಅವನು. ಯಾರ ಗದ್ದೆಗೆ ಯಾವ ಹೊತ್ತು ನೀರು ಅಂತ ಅವನೇ ನೋಡಿಕೊಳ್ಳುತ್ತಿದ್ದ. ಕೆರೆಯಲ್ಲಿ ನೀರು ಕಡಿಮೆ ಇದ್ದ ವರ್ಷ ಅಚ್ಚುಕಟ್ಟಿನಲ್ಲಿ ಎಷ್ಟು ನಾಟಿ ಮಾಡಬಹುದು ಅಂತ ಊರವರು ಕೂತು ತೀರ್ಮಾನ ಮಾಡುತ್ತಿದ್ದರು. ಸುಗ್ಗಿಯಲ್ಲಿ ಅವನ ಪಾಲಿನ ಕಾಳು ಅವನಿಗೆ. ಅಲ್ಲಿ ಅನ್ಯಾಯ ಇರಲಿಲ್ಲ ಅಂತ ನಾನು ಹೇಳಲಾರೆ. ಜಾತಿಯ ಕಟ್ಟು ಗಟ್ಟಿಯಾಗಿತ್ತು, ನೀರು ಹಂಚುವವನಿಗೆ ಎಷ್ಟೋ ಕಡೆ ಸ್ವಂತ ಜಮೀನೇ ಇರಲಿಲ್ಲ. ಆದರೆ ಕೆರೆಯ ನೀರು ಕಣ್ಣಿಗೆ ಕಾಣುತ್ತಿತ್ತು. ಎಷ್ಟಿದೆ ಅಂತ ಎಲ್ಲರಿಗೂ ಗೊತ್ತಿತ್ತು. ಬೋರು ಬಂದ ಮೇಲೆ ನೀರು ಕಣ್ಣಿಗೆ ಮರೆಯಾಯಿತು, ಜೊತೆಗೆ ನೀರುಗಂಟಿಯೂ.

ಕಾಣದ ನೀರನ್ನು ಮತ್ತೆ ಕಾಣುವಂತೆ ಮಾಡಿದ ಊರುಗಳಿವೆ. ಮಹಾರಾಷ್ಟ್ರದ ಅಹ್ಮದ್‌ನಗರ (ಈಗ ಅಹಿಲ್ಯಾನಗರ) ಜಿಲ್ಲೆಯ ಹಿವರೆ ಬಜಾರಿನಲ್ಲಿ ಗ್ರಾಮಸಭೆ ಪ್ರತಿ ವರ್ಷ ಮಳೆ ನೋಡಿಕೊಂಡು ನೀರಿನ ಬಜೆಟ್ ಮಾಡುತ್ತದೆ. ಈ ವರ್ಷ ಇಷ್ಟು ನೀರಿದೆ, ಮೊದಲು ಜನಕ್ಕೆ, ದನಕ್ಕೆ, ಉಳಿದಿದ್ದರಲ್ಲಿ ಇಂಥ ಬೆಳೆ ಅಂತ. ಕಬ್ಬು, ಬಾಳೆಯಂಥ ನೀರು ಕುಡಿಯುವ ಬೆಳೆ ಬೇಡ, ವ್ಯವಸಾಯಕ್ಕೆ ಬೋರ್‌ವೆಲ್ ಬೇಡ ಅಂತ ಊರೇ ನಿಯಮ ಮಾಡಿಕೊಂಡಿತು. ಪಕ್ಕದ ಆಂಧ್ರದಲ್ಲೂ ರೈತರು ತಾವೇ ಮಳೆ ಅಳೆದು, ಬೋರಿನೊಳಗೆ ನೀರಿನ ಮಟ್ಟ ಅಳೆದು, ಊರಿನ ಗೋಡೆ ಮೇಲೆ ಬರೆದ ಹಳ್ಳಿಗಳಿವೆ. ಪೊಲೀಸರೂ ಬೇಕಾಗಲಿಲ್ಲ, ದಂಡವೂ ಬೇಕಾಗಲಿಲ್ಲ. ಗೋಡೆ ಮೇಲಿನ ಅಂಕಿ ನೋಡಿ ಎಷ್ಟೋ ಜನ ಭತ್ತ ಬಿಟ್ಟು ಬೇರೆ ಬೆಳೆಗೆ ಹೋದರು.

ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆ ಬಗ್ಗೆ ಹೇಳಿ ಅಂತ ಮಾತು ಶುರುವಾಗುವ ಮುಂಚೆಯೇ ಒಬ್ಬರು ಚೀಟಿ ಕೊಟ್ಟರು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ವರ್ಷಗಟ್ಟಲೆ ಒಣಗಿದ್ದ ಕೆರೆ ತುಂಬಿದಾಗ ಊರವರು ಪೂಜೆ ಮಾಡಿದರು. ಅವರ ಸಂತೋಷ ನನಗೆ ಅರ್ಥವಾಗುತ್ತದೆ. ಸುತ್ತಲ ಬೋರುಗಳಲ್ಲಿ ನೀರು ಮೇಲೆ ಬಂದಿದೆ, ಅದೂ ನಿಜ. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಹೋರಾಡುತ್ತಿರುವವರ ಆತಂಕವೂ ನಿಜ. ಕೋರ್ಟಿಗೂ ಹೋಯಿತು. ನನ್ನ ನಿಲುವು ಕೇಳಿದರೆ, ಮೂರನೇ ಹಂತ ಬೇಕೇ ಬೇಕು. ದುಡ್ಡು ಜಾಸ್ತಿ ಆಗುತ್ತದೆ ಅನ್ನುವವರು ಒಂದೇ ಕಡೆಯ ಲೆಕ್ಕ ಹೇಳುತ್ತಿದ್ದಾರೆ. ನೆಲದಡಿಯ ಬಿರುಕಿಗೆ ಕೆಟ್ಟದ್ದು ಇಳಿದರೆ ತೆಗೆಯೋಕೆ ಎಷ್ಟು ತಲೆಮಾರು ಬೇಕು, ಅದರ ಬೆಲೆ ಎಷ್ಟು ಅಂತ ಇನ್ನೊಂದು ಕಡೆ ಬರೆದಿಲ್ಲ. ಮತ್ತೆ, ಕೆರೆ ತುಂಬಿತು ಅಂತ ಅದರ ದಡದಲ್ಲಿ ಬೋರುಗಳ ಸಂಖ್ಯೆ ಏರಿಸಿಕೊಂಡರೆ ಹತ್ತು ವರ್ಷದ ಮೇಲೆ ನಾವು ಇದೇ ಮಾತನ್ನು ಮತ್ತೆ ಆಡುತ್ತಿರುತ್ತೇವೆ.

ಇಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೇಳುತ್ತೇನೆ. ಪ್ರಾಜೆಕ್ಟ್ ಅಂತ ಹೇಳಿ ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಬೇಡಿ. ನಿಮ್ಮ ಊರಲ್ಲಿ ಓಡುವ ಬೋರು ಎಷ್ಟು, ಫೇಲ್ ಆದ ಬೋರು ಎಷ್ಟು, ಯಾವ ವರ್ಷ ಎಷ್ಟು ಅಡಿ, ಯಾರ ಸಾಲ, ಬರೆದುಕೊಂಡು ಬನ್ನಿ. ಫೇಲ್ ಆದ ಬೋರಿನ ಬಾಯಿ ಮುಚ್ಚಿದೆಯೋ ಇಲ್ಲವೋ ಅದನ್ನೂ ನೋಡಿ, ಮುಚ್ಚಿಲ್ಲದಿದ್ದರೆ ಅವತ್ತೇ ಮುಚ್ಚಿಸಿ. ಮನೆಯ ಹೆಂಗಸರನ್ನು ಕೇಳಲು ಮರೆಯಬೇಡಿ. ಯಾವ ಬೋರಿಗೆ ಯಾವ ಒಡವೆ ಹೋಯಿತು ಅಂತ ಅವರಿಗೇ ಸರಿಯಾಗಿ ನೆನಪಿರುತ್ತದೆ. ನಮ್ಮ ಚಿಕ್ಕಮ್ಮ ಎರಡನೇ ಬೋರಿನ ವರ್ಷ ಹೇಳಿದ್ದು ತಮ್ಮ ಬಳೆ ಅಡವಿಟ್ಟ ವರ್ಷ ಅಂತ.

ಚಿಕ್ಕಪ್ಪ ಆಮೇಲೆ ಏನು ಮಾಡಿದರು ಅಂತ ಕೇಳಬೇಕು ಅನ್ನಿಸುತ್ತಿರಬಹುದು. ನಾವು ಲೆಕ್ಕ ಹಾಕಿದ ಮೂರನೇ ವರ್ಷಕ್ಕೆ ನಾಲ್ಕನೇ ಬೋರಿನಲ್ಲಿ ನೀರು ಕಡಿಮೆಯಾಯಿತು. ಆರು ವರ್ಷ ಅಂತ ನಾನು ಇಟ್ಟುಕೊಂಡಿದ್ದು ಜಾಸ್ತಿಯೇ ಆಗಿತ್ತು. ಚಿಕ್ಕಪ್ಪ ಐದನೆಯದನ್ನು ಕೊರೆಸಿದರು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ, ಮನೆಯಲ್ಲಿ ಮಗಳ ಓದು ಇತ್ತು, ಸಾಲ ಇತ್ತು. ಒಂದಿಂಚು ನೀರು ಬಂತು. ಈಗ ಒಂದು ಎಕರೆಗೆ ಟೊಮೇಟೊ, ಇನ್ನೊಂದು ಎಕರೆಗೆ ರಾಗಿ, ಸಾಲಿನ ನಡುವೆ ಅವರೆ.

ಹೋದ ಸಂಕ್ರಾಂತಿಗೆ ಊರಿಗೆ ಹೋದಾಗ ಹೊಸ ನೋಟ್‌ಬುಕ್ಕು ತೋರಿಸಿದರು. ಮೊದಲನೇ ಪುಟದಲ್ಲಿ, ಸಸಿಗಿಂತ, ಗೊಬ್ಬರಕ್ಕಿಂತ ಮೇಲೆ, ಐದು ಬೋರುಗಳೂ ಇದ್ದವು. ವರ್ಷ, ಅಡಿ, ಖರ್ಚು. ಎರಡನೆಯದರ ಮುಂದೆ ಕಂಸದಲ್ಲಿ "ಬಳೆ" ಅಂತ ಬರೆದಿದ್ದರು.